ಮೆಲ್ಬರ್ನ್ ಕಪ್‌ಗೆ ಮೊದಲಿನ ಕಳೆ ಉಳಿದಿದೆಯಾ?

ತಾರ್ನೀಟ್ ತುಮಕೂರು

ನಿನ್ನೆ ಮಂಗಳವಾರ 2025ರ ಮೆಲ್ಬರ್ನ್ ಕಪ್ ಕುದುರೆ ರೇಸ್ ಮುಗಿಯಿತು. ಆಗಿನಿಂದ ಒಂದು ವಿಷಯ ಮನಸ್ಸಲ್ಲಿ ಕೊರೆಯುತ್ತಾ ಇದೆ. ಇಲ್ಲಿ, ನಮ್ಮ ಕನ್ನಡದವರ ಗುಂಪಿನಲ್ಲಿ ಹೇಳಿಕೊಳ್ಳೋಣ ಅನ್ನಿಸಿತು.

ನಾನು ನರ್ಸ್. 2008ರಲ್ಲಿ ಮೆಲ್ಬರ್ನ್‌ಗೆ ಬಂದೆ. ಬಂದ ಮೂರನೇ ತಿಂಗಳಿಗೆ ಕಪ್ ದಿನ. ರಜೆ ದಿನ ಕೆಲಸ ಮಾಡಿದರೆ ಸಂಬಳ ಜಾಸ್ತಿ ಅಂತ ಡ್ಯೂಟಿ ಹಾಕಿಸಿಕೊಂಡಿದ್ದೆ. ಕುದುರೆ ರೇಸ್‌ಗೆ ಊರಿಗೆ ಊರೇ ರಜೆ ಕೊಡ್ತಾರೆ ಅಂತ ಅಮ್ಮನಿಗೆ ಫೋನಲ್ಲಿ ಹೇಳಿದೆ. "ಕುದುರೆ ಬಾಲಕ್ಕೆ ದುಡ್ಡು ಕಟ್ಟೋದಕ್ಕೂ ರಜೆನಾ?" ಅಂದರು.

ಆ ದಿನ ಮಧ್ಯಾಹ್ನ ಹಿರಿಯ ಸಿಸ್ಟರ್ ಒಬ್ಬರು ಸ್ಟೀಲಿನ ಕಿಡ್ನಿ ಟ್ರೇ ಹಿಡಿದುಕೊಂಡು ವಾರ್ಡ್ ಪೂರ್ತಿ ಸುತ್ತಿದರು. ಒಳಗೆ ಮಡಚಿದ ಚೀಟಿಗಳು. ಒಂದು ಕುದುರೆಗೆ ಒಂದು ಚೀಟಿ, ಒಂದು ಚೀಟಿಗೆ ಎರಡು ಡಾಲರ್. ರೋಗಿಗಳು, ಡಾಕ್ಟರು, ಊಟದ ಗಾಡಿ ತಳ್ಳುವವರು ಎಲ್ಲರೂ ಎತ್ತಿದರು. ನನಗೆ 'ವ್ಯೂಡ್' ಅನ್ನೋ ಕುದುರೆ ಬಂತು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಸೊಂಟದ ಆಪರೇಷನ್ ಆಗಿದ್ದ ಅಜ್ಜ ಒಬ್ಬರಿದ್ದರು. ಅವರಿಗೆ 'ಬಾವರ್' ಬಂತು.

3 ಗಂಟೆಗೆ ವಾರ್ಡ್ ನಿಂತುಹೋಯಿತು. ನೆಲ ಒರೆಸುತ್ತಿದ್ದಾಕೆ ಮಾಪನ್ನು ಗೋಡೆಗೆ ಒರಗಿಸಿ ನಿಂತಳು. ಡಾಕ್ಟರು ಬಾಗಿಲಲ್ಲೇ ನಿಂತರು. ಮೂರು ಚಿಲ್ಲರೆ ನಿಮಿಷ ಯಾರೂ ಕದಲಲಿಲ್ಲ. ಕೊನೆಯಲ್ಲಿ ವ್ಯೂಡ್, ಬಾವರ್ ಎರಡೂ ಒಟ್ಟಿಗೇ ಗೆರೆ ದಾಟಿದವು. ಫೋಟೋ ನೋಡಿ ಹೇಳಬೇಕಾಯಿತು. ವ್ಯೂಡ್ ಮೂಗಿನಷ್ಟು ಮುಂದಿತ್ತು. ನಾನು ಗೆದ್ದೆ. ಸೋತ ಅಜ್ಜ ಎರಡೂ ಕೈ ಮೇಲೆತ್ತಿ "ಬಾರ್ಟ್! ಬಾರ್ಟ್!" ಅಂತ ಕೂಗುತ್ತಿದ್ದರು.

ಯಾಕೆ ಅಂತ ಆಮೇಲೆ ಹೇಳಿದರು. ವ್ಯೂಡ್‌ಗೆ ತರಬೇತಿ ಕೊಟ್ಟವರು ಬಾರ್ಟ್ ಕಮಿಂಗ್ಸ್. ಅದು ಅವರ 12ನೇ ಕಪ್. ಆಗ ಅವರಿಗೆ 80 ವರ್ಷ. ಮೊದಲನೆಯದನ್ನು 1965ರಲ್ಲಿ ಗೆದ್ದಾಗ ಈ ಅಜ್ಜ ಕಪ್ ನಡೆಯುವ ಫ್ಲೆಮಿಂಗ್ಟನ್ ರೇಸ್‌ಕೋರ್ಸಿನ ಹುಲ್ಲಿನ ಮೇಲೆ ನಿಂತು ನೋಡಿದ್ದರಂತೆ. ನನ್ನ ಕೈ ಹಿಡಿದುಕೊಂಡು, "ನೀನು ಈಗ ಈ ಊರಿನವಳಾದೆ" ಅಂದರು. ಮೂರು ತಿಂಗಳಲ್ಲಿ ನನಗೆ ಆ ಮಾತು ಬೇರೆ ಯಾರೂ ಹೇಳಿರಲಿಲ್ಲ.

ನಿನ್ನೆಯೂ ಅದೇ ವಾರ್ಡ್. ಚೀಟಿ ಮಾಡುವವರು ಯಾರೂ ಇರಲಿಲ್ಲ, ನಾನೇ ಮಾಡಿದೆ. ಒಂಬತ್ತು ಹೋದವು. ಮಿಕ್ಕಿದ್ದು ಟ್ರೇಯಲ್ಲೇ ಉಳಿದವು. "ನಾನಾಗಲೇ ಆಪ್‌ನಲ್ಲಿ ಹಾಕಿದ್ದೀನಿ" ಅಂದ ಒಬ್ಬ ಹುಡುಗ. ಇನ್ನೊಬ್ಬ ರೇಸ್ ನಡೆಯುವಾಗಲೇ ಫೋನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಬೆಟ್ ನೋಡುತ್ತಿದ್ದ. ಟಿವಿಗೆ ಸೌಂಡೇ ಇರಲಿಲ್ಲ. ಹಾಫ್ ಯುವರ್ಸ್ ಗೆದ್ದಿತು. ಜೇಮಿ ಮೆಲ್ಹಮ್ ಕಪ್ ಗೆದ್ದ ಎರಡನೇ ಮಹಿಳಾ ಜಾಕಿ ಆದರು. ವಾರ್ಡಲ್ಲಿ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ.

ನಿಮಗೆಲ್ಲ ಹೇಗನ್ನಿಸುತ್ತೆ? ಈ ದಿನಕ್ಕೆ ಮೊದಲಿನ ಕಳೆ ಹೋಯಿತಾ, ಅಥವಾ ನನಗೇ ವಯಸ್ಸಾಯಿತಾ?

ಫ್ಲೆಮಿಂಗ್ಟನ್ ಲೈನ್

ಅಕ್ಕಾ, ಬರೆದದ್ದು ಓದಿ ಖುಷಿಯಾಯಿತು. ಆದರೆ ಒಪ್ಪಲ್ಲ.

ನಾನು ಹತ್ತು ವರ್ಷದಿಂದ ಕಪ್ ದಿನ ಸದರ್ನ್ ಕ್ರಾಸ್‌ನಿಂದ ರೇಸ್‌ಕೋರ್ಸ್ ಟ್ರೈನ್ ಹತ್ತುತ್ತೇನೆ. ಆ ಸ್ಟೇಷನ್‌ಗೆ ಟ್ರೈನ್ ಬಿಡೋದೇ ಇಂಥ ದಿನಗಳಲ್ಲಿ. ನಿನ್ನೆ ಮಳೆಯಲ್ಲೂ ಕಾಲಿಡೋಕೆ ಜಾಗ ಇರಲಿಲ್ಲ. ಲೆಕ್ಕ ನೋಡಿ. 2022ರಲ್ಲಿ 73,816 ಜನ ಬಂದಿದ್ದರು. 2023ರಲ್ಲಿ 84,492. 2024ರಲ್ಲಿ 91,168. ಕಳೆ ಹೋದ ಹಬ್ಬಕ್ಕೆ 90 ಸಾವಿರ ಜನ ಬರ್ತಾರಾ?

ಕೋವಿಡ್ ಆದಮೇಲೆ ಎಲ್ಲದಕ್ಕೂ ಜನ ಕಮ್ಮಿಯಾದರು. ಈಗ ವಾಪಸ್ ಬರ್ತಾ ಇದ್ದಾರೆ. ಅಷ್ಟೇ ವಿಷಯ.

ಹಳೇ ಲೆಕ್ಕ

2003ರಲ್ಲಿ ಎಷ್ಟು ಜನ ಬಂದಿದ್ದರು ಅಂತಲೂ ಹೇಳಬೇಕಲ್ವಾ? 1,22,736. ಆಗ ಮೆಲ್ಬರ್ನ್ ಜನಸಂಖ್ಯೆ 36 ಲಕ್ಷದ ಆಸುಪಾಸು. ಈಗ 50 ಲಕ್ಷ ದಾಟಿದೆ. ಊರು ಅಷ್ಟು ಬೆಳೆದಿದೆ, ಕಪ್‌ಗೆ ಹೋಗೋರು ಕಮ್ಮಿಯಾಗಿದ್ದಾರೆ. ಅದೂ ಕೋವಿಡ್‌ನಿಂದ ಆಗಿದ್ದಲ್ಲ. 2019ರಲ್ಲಿ, ಕೋವಿಡ್‌ಗೆ ಮೊದಲೇ, 81,408ಕ್ಕೆ ಇಳಿದಿತ್ತು.

2003 ಅಂದರೆ ಮಕೈಬಿ ದಿವಾ ಮೊದಲ ಸಲ ಗೆದ್ದ ವರ್ಷ. 2004, 2005ರಲ್ಲೂ ಅದೇ ಗೆದ್ದಿತು. ಸತತ ಮೂರು ಕಪ್ ಬೇರೆ ಯಾವ ಕುದುರೆಯೂ ಗೆದ್ದಿಲ್ಲ. ಅದರ ಮಾಲೀಕರು ಟ್ಯೂನಾ ಮೀನಿನ ವ್ಯಾಪಾರಿ. ತಮ್ಮ ಆಫೀಸಲ್ಲಿ ಕೆಲಸ ಮಾಡುತ್ತಿದ್ದ ಐದು ಹೆಂಗಸರ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿಸಿ ಆ ಹೆಸರಿಟ್ಟಿದ್ದರು. ಇಂಥ ಕತೆ ಇದ್ದ ಕುದುರೆ ಅದು. ಆಗ ನಮ್ಮ ಬೀದಿಯ ಮಕ್ಕಳಿಗೆಲ್ಲ ಅದರ ಹೆಸರು ಗೊತ್ತಿತ್ತು. ಹೋದ ವರ್ಷ ಗೆದ್ದ ಕುದುರೆ ಯಾವುದು ಅಂತ ನಿಮ್ಮ ಆಫೀಸಲ್ಲಿ ಕೇಳಿ ನೋಡಿ.

ಫ್ಲೆಮಿಂಗ್ಟನ್ ಲೈನ್

ನೈಟ್ಸ್ ಚಾಯ್ಸ್. 90ಕ್ಕೆ 1ರ ಕುದುರೆ, ಅಂದರೆ 1 ಡಾಲರ್ ಕಟ್ಟಿ ಗೆದ್ದರೆ 90 ಲಾಭ, ಗೆಲ್ಲುತ್ತೆ ಅಂತ ಹೆಚ್ಚು ಜನ ಅಂದುಕೊಂಡಿರಲಿಲ್ಲ. ನನಗೆ ಚೆನ್ನಾಗಿ ನೆನಪಿದೆ 🙂

ಪಾಯಿಂಟ್ ಕುಕ್ ಮಗಳು

ನಾನು ಇಲ್ಲೇ ಹುಟ್ಟಿದವಳು. ಕನ್ನಡ ಮನೆಯಲ್ಲಿ ಕಲಿತದ್ದು, ತಪ್ಪಿದ್ದರೆ ಕ್ಷಮಿಸಿ.

ನನ್ನ ಫ್ರೆಂಡ್ಸ್ ಯಾರೂ ಕಪ್ ನೋಡಲ್ಲ. ಬೇಜಾರು ಅಂತಲ್ಲ, ಬೇಡ ಅಂತ. ನಾನು ಪ್ರೈಮರಿ ಸ್ಕೂಲಲ್ಲಿ ಇದ್ದಾಗ ನಾವೇ ಪೇಪರ್ ಟೋಪಿ ಮಾಡಿ, ಕುದುರೆ ಹೆಸರು ಎತ್ತಿ, ಅಂಗಳದಲ್ಲಿ ಓಡುತ್ತಿದ್ದೆವು. ತುಂಬಾ ಇಷ್ಟ ಇತ್ತು. 2018ರಲ್ಲಿ ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆ. ನಾನು ಆರಿಸಿದ ಕುದುರೆ ಕ್ಲಿಫ್ಸ್ ಆಫ್ ಮೊಹೆರ್. ಹೆಸರು ಚೆನ್ನಾಗಿದೆ ಅಂತ ಆರಿಸಿದ್ದೆ. ರೇಸ್ ಶುರುವಾದ ಸ್ವಲ್ಪ ಹೊತ್ತಿಗೇ ಅದು ನಿಂತುಬಿಟ್ಟಿತು. ಭುಜ ಮುರಿದಿತ್ತು. ಸುತ್ತ ಹಸಿರು ಪರದೆ ತಂದು ನಿಲ್ಲಿಸಿದರು. ಆ ಪರದೆ ಯಾಕೆ ಅಂತ ಅಪ್ಪನನ್ನು ಕೇಳಿದೆ. ಅಪ್ಪ ಟಿವಿ ಆಫ್ ಮಾಡಿದರು.

ಅದಾದಮೇಲೆ ನಾನು ನೋಡಿಲ್ಲ. 'ನಪ್ ಟು ದ ಕಪ್', ಅಂದರೆ ಕಪ್ ಬೇಡ ಅನ್ನೋರು ಸುಮ್ನೆ ಕಿರುಚುತ್ತಾರೆ ಅಂತ ದೊಡ್ಡವರು ಹೇಳೋದು ಕೇಳಿದ್ದೇನೆ. ಆ ಪರದೆ ಒಂದು ಸಲ ನೋಡಿದ ಮಗುವಿಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ.

ಹೆಬ್ಬಾಳದ ದನದ ಡಾಕ್ಟ್ರು

ಮಗು, ನಿನ್ನ ಕನ್ನಡ ಚೆನ್ನಾಗಿದೆ.

ನಾನು ಹೆಬ್ಬಾಳದಲ್ಲಿ ಓದಿ ಬಂದ ಪಶುವೈದ್ಯ. ಈಗ ಗಿಪ್ಸ್‌ಲ್ಯಾಂಡ್ ಕಡೆ ಹೈನುಗಾರರ ಹತ್ತಿರ ಕೆಲಸ. ನನ್ನ ದಿನ ಪೂರ್ತಿ ಹಸುಗಳ ಜೊತೆ. ಆದರೂ ಆಗಾಗ ಕುದುರೆ ಬರುತ್ತವೆ. ಪರದೆ ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ತುಂಬ ಜನಕ್ಕೆ ಇದು ಗೊತ್ತಿಲ್ಲ. "ಕಾಲು ಮುರಿದರೆ ಪ್ಲಾಸ್ಟರ್ ಹಾಕಬಾರದಾ?" ಅಂತ ಕೇಳುತ್ತಾರೆ.

ರೇಸ್ ಕುದುರೆ ಸುಮಾರು 500 ಕಿಲೋ ತೂಗುತ್ತದೆ. ಮೊಣಕಾಲಿನಿಂದ ಕೆಳಗೆ ಅದಕ್ಕೆ ಮಾಂಸಖಂಡವೇ ಇಲ್ಲ. ಮೂಳೆ, ಹಗ್ಗದಂಥ ಸ್ನಾಯುರಜ್ಜು (ಟೆಂಡನ್), ಮೇಲೆ ಚರ್ಮ. ಅಷ್ಟು ಭಾರ, ಅಷ್ಟು ವೇಗ, ಅಷ್ಟು ತೆಳ್ಳನೆ ಕಾಲು. ಓಡುವಾಗ ಮೂಳೆ ಮುರಿದರೆ ಎಷ್ಟೋ ಸಲ ಚೂರುಚೂರು ಆಗುತ್ತದೆ. ರಕ್ತ ಸಾಗುವ ದಾರಿ ಹರಿದುಹೋಗುತ್ತದೆ. ಜೋಡಿಸಿದರೂ ಕುದುರೆ ಮನುಷ್ಯನ ಹಾಗೆ ಮೂರು ತಿಂಗಳು ಮಲಗಿರೋದಿಲ್ಲ. ನಿಲ್ಲಲೇಬೇಕು. ಮೂರು ಕಾಲಲ್ಲಿ ನಿಂತರೆ ಭಾರ ಬಿದ್ದ ಇನ್ನೊಂದು ಕಾಲಿನ ಗೊರಸು ಒಳಗಿಂದಲೇ ಸಡಿಲವಾಗಿ ಕಿತ್ತು ಬರುತ್ತದೆ. ಆ ನೋವು ನೋಡೋಕಾಗಲ್ಲ. ಅದಕ್ಕೇ ಅಲ್ಲೇ ಮುಗಿಸುತ್ತಾರೆ. ಅದು ಕ್ರೌರ್ಯ ಅಲ್ಲ, ಆ ಹೊತ್ತಿಗೆ ಉಳಿದಿರುವ ಒಂದೇ ಒಂದು ದಯೆ.

ಆದರೆ ಆ ಹೊತ್ತು ಬರುವ ಹಾಗೆ ಮಾಡಿದವರು ಯಾರು ಅನ್ನೋದು ಬೇರೆ ಪ್ರಶ್ನೆ. ಕಪ್ ರೇಸಲ್ಲಿ ಓಡಿ ಸತ್ತವು ಇವು: 2013ರಲ್ಲಿ ವೆರೆಮಾ. 2014ರಲ್ಲಿ ಒಂದೇ ದಿನ ಎರಡು. ಅಡ್ಮೈರ್ ರಕ್ತಿ ರೇಸ್ ಮುಗಿಸಿ ಬಂದು ಲಾಯದಲ್ಲೇ ಕುಸಿಯಿತು, ಹೃದಯದ ತೊಂದರೆ. ಅರಾಲ್ಡೋ ಜನರ ನಡುವೆ ಬೀಸಿದ ಬಾವುಟಕ್ಕೆ ಬೆಚ್ಚಿ, ಬೇಲಿಗೆ ಒದ್ದು ಕಾಲು ಮುರಿದುಕೊಂಡಿತು. 2015ರಲ್ಲಿ ಗಾಯವಾದ ರೆಡ್ ಕಡೋ ಕೆಲವು ದಿನ ಬದುಕಿ ಸತ್ತಿತು. 2018ರದ್ದು ನೀನು ನೋಡಿದ್ದು. 2020ರಲ್ಲಿ ಆಂಥನಿ ವ್ಯಾನ್ ಡೈಕ್. ಅದು ಇಂಗ್ಲೆಂಡಿನ ಡರ್ಬಿ ಅನ್ನೋ ದೊಡ್ಡ ರೇಸ್ ಗೆದ್ದಿದ್ದ ಕುದುರೆ. ಕೋವಿಡ್‌ನಿಂದ ಸ್ಟ್ಯಾಂಡಲ್ಲಿ ಜನವೇ ಇರಲಿಲ್ಲ ಆ ವರ್ಷ. ಖಾಲಿ ಮೈದಾನದಲ್ಲಿ ಆ ಪರದೆ ನೋಡಿದಾಗ ಹೊಟ್ಟೆ ತೊಳಸಿತು.

ಎಂಟು ವರ್ಷದಲ್ಲಿ ಆರು ಕುದುರೆ. ನರ್ಸಮ್ಮ, ನಿಮ್ಮ ವಾರ್ಡಲ್ಲಿ ಟಿವಿ ಸೌಂಡ್ ಕಮ್ಮಿ ಮಾಡಿದವರಲ್ಲಿ ಕೆಲವರಿಗಾದರೂ ಇದೇ ಕಾರಣ ಇದ್ದಿರಬಹುದು.

ಫ್ಲೆಮಿಂಗ್ಟನ್ ಲೈನ್

ಡಾಕ್ಟ್ರೇ, 2021ರಿಂದ ಏನಾಗಿದೆ ಅಂತಲೂ ಹೇಳಿ. ಓಡೋ ಪ್ರತಿ ಕುದುರೆಯ ಕಾಲಿಗೂ ಸಿಟಿ ಸ್ಕ್ಯಾನ್. ಹೊರದೇಶದಿಂದ ಬರೋ ಕುದುರೆಗೆ ಹೊರಡೋಕೆ ಮೊದಲೇ ಪರೀಕ್ಷೆ. ಅಂಥ ಕುದುರೆಗಳ ಸಂಖ್ಯೆಗೂ ಮಿತಿ ಹಾಕಿದರು. ಆಮೇಲೆ ಕಪ್ ರೇಸಲ್ಲಿ ಒಂದೂ ಸತ್ತಿಲ್ಲ.

ಹೆಬ್ಬಾಳದ ದನದ ಡಾಕ್ಟ್ರು

ನಿಜ. ಅದು ದೊಡ್ಡ ಕೆಲಸ, ಮೆಚ್ಚಲೇಬೇಕು. ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಮೊದಲೇ ಇರುತ್ತದೆ, ಹೊರಗೆ ಕುಂಟು ಕೂಡ ಕಾಣಲ್ಲ. ಸ್ಕ್ಯಾನಲ್ಲಿ ಮಾತ್ರ ಸಿಗುತ್ತದೆ. ಚೆನ್ನಾಗಿ ಓಡುತ್ತಿದ್ದ ಕುದುರೆಗಳನ್ನೇ ಸ್ಕ್ಯಾನ್ ನೋಡಿ ಹೊರಗಿಟ್ಟಿದ್ದಾರೆ. ನನ್ನ ಮಾತು ಇಷ್ಟೇ. ಸಾವುಗಳಾದ ವರ್ಷಗಳಲ್ಲೇ ಇದನ್ನು ಮಾಡಬಹುದಿತ್ತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಟಿವಿ ಆಫ್ ಮಾಡಿಯಾಗಿತ್ತು. ಅವರನ್ನು ವಾಪಸ್ ಕರೆಯೋದು ಕಷ್ಟ. ಜೊತೆಗೆ ಕಪ್ ಅನ್ನೋದು ಒಂದು ರೇಸ್. ವರ್ಷವಿಡೀ ಸಣ್ಣ ಊರುಗಳಲ್ಲಿ ನಡೆಯೋ ರೇಸ್‌ಗಳಲ್ಲಿ ಓಡೋ ಎಲ್ಲ ಕುದುರೆಗೂ ಆ ಸ್ಕ್ಯಾನ್ ಇಲ್ಲ.

ಕಾಪು ಕಡಲ ತೀರ

ನಮ್ಮ ಕಂಬಳದ ಬಗ್ಗೆಯೂ ಇದೇ ಮಾತು ಬಂದಿತ್ತು ಮಾರಾಯ್ರೆ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ನಿಂತಿತು. 2017ರಲ್ಲಿ ರಾಜ್ಯ ಕಾನೂನು ತಿದ್ದಿತು. 2023ರ ಮೇ ತಿಂಗಳಲ್ಲಿ ಕೋರ್ಟ್ ಒಪ್ಪಿತು. ಆದರೆ ಜನ ಕಮ್ಮಿ ಆಗಲಿಲ್ಲ. ಅದೇ ವರ್ಷ ಬೆಂಗಳೂರಲ್ಲಿ ಅರಮನೆ ಮೈದಾನದಲ್ಲಿ ಮಾಡಿದಾಗಲೂ ಜನಸಾಗರ.

ಯಾಕೆ? ಕೋಣ ಯಾರ ಮನೆಯದ್ದು ಅಂತ ನಮಗೆ ಗೊತ್ತುಂಟು. ಓಡಿಸುವವ ಯಾರು ಅಂತ ಗೊತ್ತುಂಟು. ಸೋತರೂ ಆ ಕೋಣ ಅದೇ ಹಟ್ಟಿಗೆ ಹೋಗ್ತದೆ, ಹುರುಳಿ ತಿನ್ತದೆ, ಎಣ್ಣೆ ತಿಕ್ಕಿಸಿಕೊಳ್ತದೆ. ನಿಮ್ಮ ಕಪ್ ಕುದುರೆ ಐರ್ಲೆಂಡಿನಿಂದ ವಿಮಾನದಲ್ಲಿ ಬಂದು, ಮೂರು ನಿಮಿಷ ಓಡಿ, ವಿಮಾನ ಹತ್ತಿ ಹೋದರೆ ಜನರಿಗೆ ಮಮತೆ ಹೇಗೆ ಬರ್ತದೆ?

ವೆರಿಬೀ ವಾಸಿ

ಆ ಕುದುರೆಗಳು ವಿಮಾನದಿಂದ ಇಳಿದು ಬರೋದು ನಮ್ಮ ವೆರಿಬೀಗೇ. ಇಲ್ಲೇ ಅವುಗಳ ಕ್ವಾರಂಟೈನ್ ಕೇಂದ್ರ ಇದೆ. ಈ ಕಡೆ ಇಷ್ಟು ಕನ್ನಡದವರ ಮನೆ ಇದೆ. ಎಷ್ಟು ಜನಕ್ಕೆ ಗೊತ್ತು?

ಹಳೇ ಲೆಕ್ಕ

ಕಾಪು ಅವರ ಮಾತಲ್ಲಿ ಸತ್ಯ ಇದೆ. 1993ರಲ್ಲಿ ಐರ್ಲೆಂಡಿನ ವಿಂಟೇಜ್ ಕ್ರಾಪ್ ಬಂದು ಗೆದ್ದಿತು. ಆಗ ಎಲ್ಲರಿಗೂ ಹೆಮ್ಮೆ, ಪ್ರಪಂಚವೇ ನಮ್ಮ ಊರಿಗೆ ಬಂತು ಅಂತ. ಆಮೇಲೆ ಒಂದೊಂದು ವರ್ಷ ಅರ್ಧಕ್ಕರ್ಧ ಹೊರಗಿನ ಕುದುರೆಗಳೇ. ಹೆಸರು ಬಾಯಿಗೆ ಬರೋದಕ್ಕೆ ಮೊದಲೇ ಅವು ವಾಪಸ್.

ಫಾರ್ ಲ್ಯಾಪ್ ನೆನಪಿಸಿಕೊಳ್ಳಿ. ಅದು ಹುಟ್ಟಿದ್ದು ನ್ಯೂಜಿಲೆಂಡಲ್ಲಿ, ಬೆಳೆದು ಹೆಸರು ಮಾಡಿದ್ದು ಇಲ್ಲಿ. ಕೆಲಸ ಇಲ್ಲ, ಊಟ ಇಲ್ಲ ಅನ್ನೋ ಕಾಲದಲ್ಲಿ, 1930ರಲ್ಲಿ ಕಪ್ ಗೆದ್ದಿತು. ಅದಕ್ಕೆ ಕೆಲವು ದಿನ ಮೊದಲು ಯಾರೋ ಅದರ ಮೇಲೆ ಗುಂಡು ಹಾರಿಸಿದ್ದರು. 1932ರಲ್ಲಿ ಅಮೆರಿಕದಲ್ಲಿ ಸತ್ತಿತು. ಅದರ ಚರ್ಮ ತುಂಬಿಸಿದ ದೇಹ ಮೆಲ್ಬರ್ನ್ ಮ್ಯೂಸಿಯಂನಲ್ಲಿದೆ, ಹೃದಯ ಕ್ಯಾನ್‌ಬೆರಾದಲ್ಲಿ, ಅಸ್ಥಿಪಂಜರ ನ್ಯೂಜಿಲೆಂಡಲ್ಲಿ. ಮೂರು ಊರು ಹಂಚಿಕೊಂಡಿವೆ. ನಾನು ಮಗನನ್ನು ಕರೆದುಕೊಂಡು ಹೋದಾಗ ಗಾಜಿನ ಮುಂದೆ ಒಬ್ಬ ಅಜ್ಜಿ ಸುಮ್ಮನೆ ನಿಂತಿದ್ದರು. ಬಹಳ ಹೊತ್ತು. ಈಗಿನ ಯಾವ ಕುದುರೆ ಮುಂದೆ ಯಾರು ಹಾಗೆ ನಿಲ್ತಾರೆ?

ಕ್ರ್ಯಾನ್‌ಬರ್ನ್ ಲಾಯ

ನಾನು ನಿಲ್ತೀನಿ ಸಾರ್.

ದಿನಾ ಓದ್ತೀನಿ, ಬರೆಯೋದು ಕಮ್ಮಿ. ನಮ್ಮದು ಕುಣಿಗಲ್. ಅಪ್ಪ ಅಲ್ಲಿನ ಸ್ಟಡ್ ಫಾರಂನಲ್ಲಿ ಕೆಲಸ ಮಾಡ್ತಿದ್ದರು. ನಾನು ನಡೆಯೋಕೆ ಕಲಿತದ್ದೇ ಕುದುರೆ ಲಾಯದಲ್ಲಿ. 2014ರಿಂದ ಇಲ್ಲಿ ಕ್ರ್ಯಾನ್‌ಬರ್ನ್‌ನಲ್ಲಿ ಕುದುರೆ ಓಡಿಸೋ ಕೆಲಸ. ರೇಸಲ್ಲಿ ಅಲ್ಲ, ಬೆಳಗಿನ ಪ್ರಾಕ್ಟೀಸಲ್ಲಿ. ನಮ್ಮ ಕಡೆಯ ಹುಡುಗರು ಇನ್ನೂ ಇದ್ದಾರೆ.

ಬೆಳಗ್ಗೆ ಮೂರೂವರೆಗೆ ಏಳ್ತೀನಿ. ಚಳಿಗಾಲದಲ್ಲಿ ಬಕೆಟ್ ನೀರಿನ ಮೇಲೆ ತೆಳ್ಳಗೆ ಮಂಜು ಕಟ್ಟಿರುತ್ತೆ. ಮೊದಲ ಕೆಲಸ ಏನು ಗೊತ್ತಾ? ಕುದುರೆಯ ನಾಲ್ಕೂ ಕಾಲನ್ನು ಅಂಗೈಯಲ್ಲಿ ಮೇಲಿಂದ ಕೆಳಗೆ ಸವರೋದು. ಕಣ್ಣು ಮುಚ್ಚಿಕೊಂಡು ಸವರ್ತೀನಿ. ಎಲ್ಲಾದರೂ ಬಿಸಿ ತಾಗಿದರೆ, ಒಂದು ಕಡೆ ಸ್ವಲ್ಪ ಊದಿದ ಹಾಗೆ ಅನ್ನಿಸಿದರೆ, ಆ ದಿನ ಅದು ಟ್ರ್ಯಾಕ್‌ಗೆ ಹೋಗಲ್ಲ. ತಣ್ಣೀರು ಹಾಯಿಸ್ತೀವಿ, ಡಾಕ್ಟರನ್ನ ಕರೀತೀವಿ. ಒಂದು ಹೆಣ್ಣು ಕುದುರೆ ಇತ್ತು, ಎಡಗಾಲು ಮುಟ್ಟಿದರೆ ನನ್ನ ತೋಳು ಕಚ್ಚೋಕೆ ಬರೋದು. ನೋವಿಗಲ್ಲ, ಅದರ ಸ್ವಭಾವವೇ ಹಾಗೆ. ಒಂದು ದಿನ ಕಚ್ಚೋಕೆ ಬರಲಿಲ್ಲ. ಸುಮ್ಮನೆ ನಿಂತಿತ್ತು. ಆಗಲೇ ಗೊತ್ತಾಯಿತು ಏನೋ ಸರಿಯಿಲ್ಲ ಅಂತ. ಕಾಲಲ್ಲಿ ಏನೂ ಇರಲಿಲ್ಲ, ಹೊಟ್ಟೆನೋವು. ಆಪರೇಷನ್ ಆಯಿತು, ಉಳೀತು.

ಡಾಕ್ಟ್ರು ಹೇಳಿದ್ದು ಎಲ್ಲ ಸರಿ. ಆ ಸಾವುಗಳಿಗೆ ನಾವೂ ಅತ್ತಿದ್ದೀವಿ. ಕುದುರೆ ಹೋದ ದಿನ ಲಾಯದಲ್ಲಿ ಅದರ ಖಾಲಿ ಜಾಗ ಇರುತ್ತಲ್ಲ, ಅದನ್ನು ಗುಡಿಸೋಕೆ ಯಾರಿಗೂ ಕೈ ಬರಲ್ಲ. ನೀವು ಟಿವಿ ಆಫ್ ಮಾಡಬಹುದು. ನಾವು ಮಾರನೇ ದಿನ ಮತ್ತೆ ಮೂರೂವರೆಗೆ ಏಳಬೇಕು, ಪಕ್ಕದ ಕುದುರೆಗೆ ಹುಲ್ಲು ಹಾಕಬೇಕು.

ಕಪ್ ದಿನದ ಕಳೆ ಹೋಯಿತಾ ಅಂದರೆ, ನಮಗೆ ಹೋಗಿಲ್ಲ. 2015ರಲ್ಲಿ ಮಿಶೆಲ್ ಪೇನ್ ಕಪ್ ಗೆದ್ದ ಮೊದಲ ಮಹಿಳಾ ಜಾಕಿ ಆದಾಗ ನಮ್ಮ ಲಾಯದ ಹುಡುಗೀರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. 100ಕ್ಕೆ 1ರ ಕುದುರೆ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಅವರ ಅಣ್ಣ ಸ್ಟೀವಿ. ಅವರಿಗೆ ಡೌನ್ ಸಿಂಡ್ರೋಮ್. ಕುದುರೆ ಎಲ್ಲಿಂದ ಹೊರಡಬೇಕು ಅನ್ನೋ ಚೀಟಿ ಎತ್ತಿದ್ದೂ ಅವರೇ. 1ನೇ ನಂಬರ್ ಬಂತು. ದೊಡ್ಡ ದೊಡ್ಡ ಶ್ರೀಮಂತರ ಕುದುರೆ ಹಿಂದೆ ಉಳೀತು. ಕಪ್ ಹ್ಯಾಂಡಿಕ್ಯಾಪ್ ರೇಸ್, ಗಟ್ಟಿ ಕುದುರೆಗೆ ಜಾಸ್ತಿ ತೂಕ ಹೊರಿಸ್ತಾರೆ. ಅದಕ್ಕೇ ಇಲ್ಲಿ ಸಣ್ಣೋರೂ ಗೆಲ್ಲಬಹುದು. ನಮ್ಮಂಥ ಕೆಲಸದವರಿಗೆ ಅದು ದೊಡ್ಡ ಮಾತು.

ತಾರ್ನೀಟ್ ತುಮಕೂರು

ಕುಣಿಗಲ್ ಅಣ್ಣಾ, ನಮ್ಮ ಪಕ್ಕದ ಊರಿನೋರು! ನಿಮ್ಮ ಮಾತು ಎರಡು ಸಲ ಓದಿದೆ. ರೋಗಿ ದಿನಾ ಗೊಣಗೋರು ಒಂದು ದಿನ ಗೊಣಗದೇ ಇದ್ದರೆ ನಮಗೂ ಅಷ್ಟೇ, ಮೊದಲು ಬಿಪಿ ನೋಡ್ತೀವಿ.

ಪಾಯಿಂಟ್ ಕುಕ್ ಮಗಳು

ಒಂದು ಕೇಳಲಾ? ನೀವು ಅಷ್ಟು ಪ್ರೀತಿಯಿಂದ ನೋಡಿಕೊಂಡ ಕುದುರೆ ಓಡೋದು ನಿಲ್ಲಿಸಿದ ಮೇಲೆ ಎಲ್ಲಿಗೆ ಹೋಗುತ್ತೆ? 2019ರಲ್ಲಿ ಎಬಿಸಿ ಟಿವಿಯಲ್ಲಿ ಕ್ವೀನ್ಸ್‌ಲ್ಯಾಂಡಿನ ಕಸಾಯಿಖಾನೆಯ ವಿಡಿಯೋ ಬಂತು. ಅಲ್ಲಿ ರೇಸ್ ಕುದುರೆಗಳಿದ್ದವು. ನಾನು ಪೂರ್ತಿ ನೋಡೋಕೆ ಆಗಲಿಲ್ಲ.

ಕ್ರ್ಯಾನ್‌ಬರ್ನ್ ಲಾಯ

ನೋಡಿದೆ ಮಗಳೇ. ನಿದ್ದೆ ಬರಲಿಲ್ಲ.

ನಮ್ಮ ಲಾಯದವು ಸವಾರಿ ಕಲಿಸೋ ಜಾಗಕ್ಕೆ, ಫಾರಂಗಳಿಗೆ ಹೋಗ್ತವೆ. ಅದಕ್ಕೇ ಅಂತ 'ಆಫ್ ದ ಟ್ರ್ಯಾಕ್' ಅನ್ನೋ ವ್ಯವಸ್ಥೆ ಇದೆ, ಹೊಸ ಮನೆ ಹುಡುಕಿ ಕೊಡ್ತಾರೆ. ಎಲ್ಲವೂ ಒಳ್ಳೇ ಕಡೆ ಹೋಗ್ತವೆ ಅಂತ ನಾನು ಎದೆ ಮುಟ್ಟಿ ಹೇಳೋಕಾಗಲ್ಲ. ಎರಡು ಕೈ ಬದಲಾದ ಮೇಲೆ ನಮಗೂ ಗೊತ್ತಾಗಲ್ಲ. ನಿನ್ನ ಪ್ರಶ್ನೆ ಸರಿ. ಕೇಳ್ತಾ ಇರು.

ಗಾಂಧಿನಗರ ಹುಡುಗ

ಬೆಂಗಳೂರಿಂದ ಬರೀತಾ ಇದ್ದೀನಿ. ನಿಮ್ಮ ಚರ್ಚೆ ಓದಿ ನಮ್ಮ ಡರ್ಬಿ ನೆನಪಾಯಿತು.

ಜುಲೈ ಡರ್ಬಿ ದಿನ ಅಪ್ಪ ಇಸ್ತ್ರಿ ಹಾಕಿದ ಬಿಳಿ ಶರ್ಟ್ ಹಾಕೋರು. ಜೇಬಲ್ಲಿ ಮಡಚಿದ ರೇಸ್ ಪುಸ್ತಕ, ಕಿವಿ ಮೇಲೆ ಒಂದು ಮೋಟು ಪೆನ್ಸಿಲ್. ಗಾಂಧಿನಗರದಿಂದ ರೇಸ್‌ಕೋರ್ಸ್ ರಸ್ತೆಗೆ ನಡೆದೇ ಹೋಗೋರು. ಗೆದ್ದರೆ ಮನೆಗೆ ಮೈಸೂರ್ ಪಾಕ್, ಸೋತರೆ ಏನೂ ಮಾತಿಲ್ಲ. ಅಮ್ಮ ಗೇಟ್ ಸದ್ದು ಕೇಳಿಯೇ ತಿಳ್ಕೊಳ್ಳೋರು. ಗೆದ್ದಿದ್ದರೆ ಗೇಟ್ ಜೋರಾಗಿ ಬಡಿಯೋದು.

ಈಗ ಅಲ್ಲಿ ಏನಿದೆ? 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ಹಣದ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್‌ನಿಂದ 40. ನೂರು ರೂಪಾಯಿಯಲ್ಲಿ ಅಷ್ಟು ಮೊದಲೇ ಹೋದರೆ ಯಾರು ಒಳಗೆ ಹೋಗಿ ಕಟ್ಟುತ್ತಾರೆ? ಹೊರಗಿನ ಬುಕ್ಕಿಗೆ ಫೋನ್ ಮಾಡ್ತಾರೆ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲದ ಆಟ ಅಂತ ಹೇಳಿತ್ತು. ತೆರಿಗೆ ಲೆಕ್ಕದಲ್ಲಿ ಅದಕ್ಕೆ ಏನೂ ಬೆಲೆ ಸಿಗಲಿಲ್ಲ. ಅಪ್ಪನ ಕಾಲದವರು ಒಬ್ಬೊಬ್ಬರೇ ಹೋಗೋದು ಬಿಟ್ಟರು. ನಿಮಗೆ ಇನ್ನೂ ಸರ್ಕಾರಿ ರಜೆ ಇದೆಯಲ್ಲ, ಅದೇ ಪುಣ್ಯ.

ಮಲೆನಾಡು ಮೆಲ್ಟನ್

ಈ ರಜೆ 1877ರಿಂದ ಇದೆ. ರಜೆ ತೆಗೆದರೆ ಕಪ್ ಮುಗಿದ ಹಾಗೇ. ಅರ್ಧ ಜನ ಸೋಮವಾರವೂ ರಜೆ ಹಾಕಿ ನಾಲ್ಕು ದಿನ ಬೀಚಿಗೆ ಹೋಗ್ತಾರೆ. ನಾವೂ ಅಷ್ಟೇ, ಈ ಸಲ ಶನಿವಾರ ನವೆಂಬರ್ 1, ರಾಜ್ಯೋತ್ಸವ ಮುಗಿಸಿ ಲಾರ್ನ್‌ಗೆ ಹೋಗಿ ಬಂದೆವು. ಕಪ್ ನೋಡಲೇ ಇಲ್ಲ.

ಸಾಲ ತೀರಿಸಿದವ

ಹೆಸರು ಬೇಡ. ಆದರೆ ಇದನ್ನು ಹೇಳಲೇಬೇಕು.

ನರ್ಸಕ್ಕ ಬರೆದ ಕಿಡ್ನಿ ಟ್ರೇ ಚೀಟಿ ಓದಿದಾಗ ಕಣ್ಣು ತುಂಬಿತು. ಯಾಕೆಂದರೆ ನಾನೂ ಶುರು ಮಾಡಿದ್ದು ಹಾಗೇ. 2016ರಲ್ಲಿ ಆಫೀಸಿನ ಚೀಟಿ. ಐದು ಡಾಲರ್ ಹಾಕಿದೆ, ಸೋತೆ, ನಕ್ಕೆವು, ಮುಗಿಯಿತು. ಮಾರನೇ ವರ್ಷ ಒಂದು ಬೆಟ್ಟಿಂಗ್ ಆಪ್‌ನವರು ಕಪ್ ದಿನಕ್ಕೆ ಅಂತ 50 ಡಾಲರ್ ಫ್ರೀ ಕೊಟ್ಟರು. ಹಾಕಿಕೊಂಡೆ. ಆಪ್ ಫೋನಲ್ಲೇ ಉಳಿಯಿತು.

ಚೀಟಿಗೂ ಆಪ್‌ಗೂ ಇರೋ ವ್ಯತ್ಯಾಸ ಇದು. ಚೀಟಿ ಮೂರು ಗಂಟೆ ಮೂರು ನಿಮಿಷಕ್ಕೆ ಮುಗಿಯುತ್ತೆ. ಟ್ರೇ ಅಡುಗೆಮನೆಗೆ ಹೋಗುತ್ತೆ. ಆಪ್ ಮುಗಿಯೋದೇ ಇಲ್ಲ. ಬುಧವಾರ ಇನ್ನೊಂದು ಊರಿನ ರೇಸ್. ರಾತ್ರಿ ನಾಯಿ ರೇಸ್. ಎರಡು ಗಂಟೆಗೆ ನಿದ್ದೆ ಬರದಿದ್ದರೆ ಯಾವುದೋ ದೇಶದ ಟೆನಿಸ್. ಎರಡು ದಿನ ಮುಟ್ಟದಿದ್ದರೆ ಮೆಸೇಜ್ ಬರೋದು, ನಿಮಗೆ ಬೋನಸ್ ಇದೆ ಅಂತ. ಒಬ್ಬರು ಫೋನ್ ಮಾಡಿ ಹೆಸರು ಹಿಡಿದು ಮಾತಾಡಿಸೋರು. ನಾನು ಅದನ್ನು ಸ್ನೇಹ ಅಂದುಕೊಂಡೆ.

ಮೂರು ವರ್ಷದಲ್ಲಿ ಮನೆಗೆ ಅಂತ ಇಟ್ಟಿದ್ದ ಡೆಪಾಸಿಟ್ ಪೂರ್ತಿ ಹೋಯಿತು. ಕ್ರೆಡಿಟ್ ಕಾರ್ಡಿನ ಸಾಲ ಬೇರೆ. ಹೆಂಡತಿಗೆ ಗೊತ್ತಾದದ್ದು ಮಗಳ ಡಾನ್ಸ್ ಕ್ಲಾಸ್ ಫೀಸ್ ಕಟ್ಟೋಕೆ ಹೋದಾಗ. ಕಾರ್ಡ್ ನಡೆಯಲಿಲ್ಲ. ಅವಳು ಕೌಂಟರ್ ಮುಂದೆ ನಿಂತು ನನಗೆ ಫೋನ್ ಮಾಡಿದಳು. ನಾನು ಕಾರಿನಲ್ಲಿ ಕೂತು ಆ ಫೋನ್ ಎತ್ತಲಿಲ್ಲ.

ಈಗ ಸಾಲ ತೀರಿದೆ. ಮನೆ ಇನ್ನೂ ಬಾಡಿಗೆಯದೇ. 2023ರ ಆಗಸ್ಟ್‌ನಲ್ಲಿ ಸರ್ಕಾರ ಬೆಟ್‌ಸ್ಟಾಪ್ ಶುರು ಮಾಡಿತು. ಅಲ್ಲಿ ಹೆಸರು ಕೊಟ್ಟರೆ ಲೈಸೆನ್ಸ್ ಇರೋ ಎಲ್ಲ ಆನ್‌ಲೈನ್ ಮತ್ತು ಫೋನ್ ಬೆಟ್ಟಿಂಗ್‌ನವರೂ ನಿಮ್ಮ ಖಾತೆ ಮುಚ್ಚಲೇಬೇಕು, ಮೆಸೇಜ್ ಕಳಿಸೋ ಹಾಗಿಲ್ಲ. ಮೂರು ತಿಂಗಳಿಂದ ಜೀವನಪೂರ್ತಿವರೆಗೆ ಎಷ್ಟು ಬೇಕಾದರೂ ಆರಿಸಬಹುದು. ನಾನು ಜೀವನಪೂರ್ತಿ ಆರಿಸಿದೆ. 2024ರ ಜೂನ್‌ನಿಂದ ಆನ್‌ಲೈನ್ ಬೆಟ್‌ಗೆ ಕ್ರೆಡಿಟ್ ಕಾರ್ಡನ್ನೂ ನಿಲ್ಲಿಸಿದರು. ಇಲ್ಲಿ ಯಾರಿಗಾದರೂ ಬೇಕಾದರೆ ಖಾಸಗಿಯಾಗಿ ಕೇಳಿ. ನಮ್ಮ ಜನ ಇದನ್ನು ಹೇಳಿಕೊಳ್ಳಲ್ಲ, ಮರ್ಯಾದೆ ಅಂತ. ನಾನೂ ಹೇಳಿಕೊಳ್ಳಲಿಲ್ಲ.

ಕಳೆ ಹೋಯಿತಾ ಅಂತ ಕೇಳಿದಿರಿ. ದಿನಾ ಹೋಳಿಗೆ ಮಾಡಿದರೆ ಯುಗಾದಿಗೆ ಏನು ಉಳಿಯುತ್ತೆ? ವರ್ಷಕ್ಕೊಂದು ದಿನ ಊರೆಲ್ಲ ಒಂದು ಕುದುರೆ ಮೇಲೆ ಐದು ಡಾಲರ್ ಹಾಕಿ ನಗೋದು ಹಬ್ಬ. ಅದನ್ನು ದಿನಕ್ಕೆ ನೂರು ಸಲ ಮಾಡೋ ಹಾಗೆ ಮಾಡಿದರು. ನಿಮ್ಮ ವಾರ್ಡಿನ ಆ ಹುಡುಗ ಬಾಸ್ಕೆಟ್‌ಬಾಲ್ ನೋಡ್ತಾ ಇದ್ದ ಅಂದಿರಲ್ಲ. ಅವನನ್ನು ಒಂದು ಸಲ ಮಾತಾಡಿಸಿ ಅಕ್ಕಾ. ಬೈಯಬೇಡಿ. ಟೀ ಕುಡಿಯೋಕೆ ಕರೆಯಿರಿ.

ತಾರ್ನೀಟ್ ತುಮಕೂರು

ಓದಿ ಸುಮ್ಮನೆ ಕೂತಿದ್ದೆ. ಬರೆದದ್ದಕ್ಕೆ ಧನ್ಯವಾದ ತಮ್ಮಾ. ಮರ್ಯಾದೆ ಅನ್ನೋದು ನಮ್ಮನ್ನು ಒಳಗೊಳಗೇ ತಿನ್ನುತ್ತೆ. ನಿಮ್ಮ ಧೈರ್ಯ ದೊಡ್ಡದು.

ಆ ಹುಡುಗನಿಗೆ ಗುರುವಾರ ನನ್ನ ಜೊತೆ ಪಾಳಿ ಇದೆ. ಮಾತಾಡಿಸ್ತೀನಿ.

ನನಗೆ ಏನು ಕಳೆದುಹೋಯಿತು ಅಂತ ಹೇಳೋಕೆ ಬರ್ತಾ ಇರಲಿಲ್ಲ. ನೀವು ಹೇಳಿದಿರಿ. ನನಗೆ ಆ ದಿನ ಬೇಕಾಗಿದ್ದದ್ದು ಗೆದ್ದ ದುಡ್ಡಲ್ಲ. ಅಜ್ಜ, ನಾನು, ಮಾಪ್ ಹಿಡಿದಾಕೆ, ಡಾಕ್ಟರು ಎಲ್ಲ ಒಂದೇ ಕಡೆ ನೋಡ್ತಾ ಇದ್ದೆವಲ್ಲ, ಅದು. ಈಗ ಎಲ್ಲರ ಕೈಯಲ್ಲೂ ಅವರವರ ರೇಸ್.

ಫ್ಲೆಮಿಂಗ್ಟನ್ ಲೈನ್

ನಾನು ಮೊದಲು ಬರೆದದ್ದರಲ್ಲಿ ಒಂದು ಬಿಟ್ಟಿದ್ದೆ. ಟ್ರೈನಲ್ಲಿ ಜನ ಜಾಸ್ತಿ ಇದ್ದದ್ದು ನಿಜ. ಆದರೆ ಒಳಗೆ ಹುಲ್ಲಿನ ಮೇಲೆ ಕೂತಿದ್ದ ಎಷ್ಟೋ ಹುಡುಗರು ರೇಸ್ ಶುರುವಾದಾಗಲೂ ಎದ್ದು ನಿಲ್ಲಲಿಲ್ಲ. ಬಟ್ಟೆ, ಫೋಟೋ, ಕುಡಿತ. ಕುದುರೆಗಳು ಹಿಂದೆ ಹೋಗ್ತಾ ಇದ್ದವು, ಅವರು ಫೋನಿಗೆ ಮುಖ ಮಾಡಿ ನಿಂತಿದ್ದರು. ಅಂದರೆ ಜನ ಬರೋದು ಬೇರೆ, ನೋಡೋದು ಬೇರೆ. ಆ ಲೆಕ್ಕ ನನ್ನ ಹತ್ತಿರ ಇಲ್ಲ.

ನಾನಂತೂ ಮುಂದಿನ ವರ್ಷವೂ ಹೋಗ್ತೀನಿ. ನವೆಂಬರ್ 3. ಬೇಲಿ ಹತ್ತಿರ ನಿಂತರೆ ಆ ಗೊರಸಿನ ಸದ್ದು ಮೊದಲು ಕಿವಿಗಲ್ಲ, ಕಾಲಿಗೆ ಬರುತ್ತೆ. ನೆಲ ನಡುಗುತ್ತೆ. ಅದು ಯಾವ ಫೋನಲ್ಲೂ ಬರಲ್ಲ.

ಹೆಬ್ಬಾಳದ ದನದ ಡಾಕ್ಟ್ರು

ಕುಣಿಗಲ್ ತಮ್ಮಾ, ಒಂದು ಕೋರಿಕೆ. 2018ರಿಂದ ನಾನು ರೇಸ್ ಕಡೆ ತಲೆ ಹಾಕಿಲ್ಲ. ಆದರೆ ನೀನು ಕಣ್ಣು ಮುಚ್ಚಿ ಕಾಲು ಸವರೋದನ್ನು ನೋಡಬೇಕು ಅನ್ನಿಸಿದೆ. ನಮಗೆ ಕಾಲೇಜಲ್ಲಿ ಮೇಷ್ಟ್ರು ಹಾಗೇ ಕಲಿಸಿದ್ದರು, ಕಣ್ಣು ಬಿಟ್ಟರೆ ಕೈ ಕೆಲಸ ಮಾಡಲ್ಲ ಅಂತ. ಒಂದು ದಿನ ಬರಬಹುದಾ?

ಕ್ರ್ಯಾನ್‌ಬರ್ನ್ ಲಾಯ

ಬನ್ನಿ ಸಾರ್. ಯಜಮಾನರನ್ನ ಕೇಳಿ ಹೇಳ್ತೀನಿ, ಬೇಡ ಅನ್ನಲ್ಲ. ಭಾನುವಾರ ಕೆಲಸ ಕಮ್ಮಿ, ಶನಿವಾರ ಆದರೆ ಎಲ್ಲ ಕುದುರೆನೂ ಹೊರಗೆ ಬರ್ತವೆ. ನಾಲ್ಕು ಗಂಟೆಗೆ ಗೇಟ್ ಹತ್ತಿರ ನಿಂತಿರ್ತೀನಿ. ಗಮ್ ಬೂಟ್ ಹಾಕ್ಕೊಂಡು ಬನ್ನಿ, ಕೆಸರಿದೆ.

ಪಾಯಿಂಟ್ ಕುಕ್ ಮಗಳು

ನಾನೂ ಬರಬಹುದಾ? ರೇಸ್‌ಗೆ ಅಲ್ಲ. ಆ ಕಚ್ಚೋ ಕುದುರೆ ನೋಡೋಕೆ.

ಕ್ರ್ಯಾನ್‌ಬರ್ನ್ ಲಾಯ

ಅದು ಈಗ ಓಡಲ್ಲ ಮಗಳೇ. ಆಪರೇಷನ್ ಆದಮೇಲೆ ಯಾರಾ ಜಂಕ್ಷನ್ ಹತ್ತಿರ ಒಬ್ಬರು ಫಾರಂಗೆ ತಗೊಂಡರು. ಅದು ಎಲ್ಲಿದೆ ಅಂತ ನನಗೆ ಗೊತ್ತು. ಅಪ್ಪನ್ನ ಕರ್ಕೊಂಡು ಬಾ, ಅಲ್ಲಿಗೂ ಹೋಗೋಣ. ಕ್ಯಾರೆಟ್ ತಗೊಂಡು ಬಾ. ಎಡಗಡೆ ಮಾತ್ರ ನಿಲ್ಲಬೇಡ.